‘ಆಯಿಲ್ ಪೇಂಟಿಂಗ್’ ಅಂದರೆ ನಂಬಬೇಡಿ, ಲೆನ್ಸ್ ಹಿಡಿದು ನೋಡಿ

ತುಮಕೂರಿನಲ್ಲಿ ಹೊಸ ಮನೆ ಗೋಡೆಗೆ ಪೇಂಟಿಂಗ್ ಹುಡುಕುತ್ತಿದ್ದೀರಾ? ನಾನು 8,500 ರೂಪಾಯಿ ಕೊಟ್ಟು ಬೇಸ್ತು ಬಿದ್ದಿದ್ದೇನೆ, ಒಮ್ಮೆ ಕೇಳಿ.

ಅಂಗಡಿಯ ಹೆಸರು ಬೇಡ. ಚಿತ್ರ ಮಾತ್ರ ನಿಜಕ್ಕೂ ಚೆಂದ. ಇಂಗ್ಲೆಂಡಿನ ಹಳ್ಳಿಮನೆ, ನೀಲಿ ಬಾಗಿಲು, ದಾರಿಯ ಎರಡೂ ಕಡೆ ಗುಲಾಬಿ ಹೂಗಳ ರಾಶಿ. ‘ಇಂಪ್ರೆಷನಿಸ್ಟ್ ಸ್ಟೈಲ್ ಸಾರ್, ಕೈಯಲ್ಲೇ ಮಾಡಿದ್ದು, ಮುಟ್ಟಿ ನೋಡಿ’ ಅಂದರು. ಮುಟ್ಟಿದೆ. ಬ್ರಷ್ಷಿನ ಗೀರು ಬೆರಳಿಗೆ ಸಿಕ್ಕಿತು. ಅಲ್ಲೇ ಬಿದ್ದುಹೋದೆ.

ಗೃಹಪ್ರವೇಶಕ್ಕೆ ಬಂದ ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು ಊಟ ಮುಗಿಸಿ ಚಿತ್ರದ ಮುಂದೆ ಸುಮ್ನೆ ನಿಂತರು. ಆಮೇಲೆ ಟಾರ್ಚನ್ನು ಪಕ್ಕದಿಂದ ಹಿಡಿದು, ‘ಈ ಗೀರು ನೋಡಿ’ ಅಂದರು. ಒಂದೇ ಗೀರು ಕೆಂಪು ಹೂವಿನಲ್ಲಿ ಶುರುವಾಗಿ, ಎಲೆ ದಾಟಿ, ನೀಲಿ ಬಾಗಿಲಿನ ಮೇಲೆ ಮುಗಿದಿತ್ತು! ನಿಜವಾದ ಆಯಿಲ್ ಆಗಿದ್ದರೆ ಬಣ್ಣವೇ ಗೀರು ಅಲ್ವಾ? ಇಲ್ಲಿ ಪ್ರಿಂಟ್ ಮೇಲೆ ಬಣ್ಣವಿಲ್ಲದ ಜೆಲ್ ಬಳಿದಿದ್ದರು. ಲೆನ್ಸ್ ಇಟ್ಟರೆ ಹೂವಿನೊಳಗೆ ನೀಲಿ, ಗುಲಾಬಿ, ಹಳದಿ ಪುಟ್ಟ ಚುಕ್ಕೆಗಳು, ಪ್ರಿಂಟಿನದೇ ಗುರುತು.

1874ರಲ್ಲಿ ಪ್ಯಾರಿಸ್‌ನಲ್ಲಿ ಕ್ಲೋದ್ ಮೊನೆ ಎಂಬ ಚಿತ್ರಕಾರ ಮತ್ತು ಗೆಳೆಯರು ತಾವೇ ಪ್ರದರ್ಶನ ಹಾಕಿದಾಗ ಗೇಲಿ ಮಾಡಿ ಇಟ್ಟ ಹೆಸರಂತೆ ಇಂಪ್ರೆಷನಿಸ್ಟ್. ಆ ಶೈಲಿಯಲ್ಲಿ ಹತ್ತಿರ ಹೋದರೆ ಬರೀ ಬಣ್ಣದ ಮುದ್ದೆ, ನಾಲ್ಕು ಹೆಜ್ಜೆ ಹಿಂದೆ ಬಂದರೆ ಹೂವು. ಮೋಸಕ್ಕೆ ಇದೇ ಅನುಕೂಲ, ಪ್ರಿಂಟ್ ಮಸುಕಾಗಿದ್ದರೂ ‘ಸ್ಟೈಲೇ ಹಾಗೆ’ ಅಂದುಬಿಡಬಹುದು.

ಮಾರನೇ ದಿನ ಅಂಗಡಿಗೆ ಹೋದೆ. ‘ಜೆಲ್ ಕೈಯಲ್ಲೇ ಹಚ್ಚಿದ್ದು ಸಾರ್, ಸುಳ್ಳೇನು ಹೇಳಿದೆವು?’ ಅಂದರು. ಬಿಲ್ಲಿನಲ್ಲಿದ್ದದ್ದು ‘ವಾಲ್ ಡೆಕೋರ್ – 1’, ಅಷ್ಟೇ. ನಾನೇ ಓದದೆ ಮಡಚಿ ಜೇಬಿಗೆ ಹಾಕಿಕೊಂಡಿದ್ದೆ. ವಾದ ಮಾಡಲು ಬಾಯಿ ಬರಲಿಲ್ಲ.

ಪ್ರಿಂಟ್ ಕೊಳ್ಳುವುದು ತಪ್ಪಲ್ಲ, ಪ್ರಿಂಟಿನ ಬೆಲೆಗೆ ಕೊಳ್ಳಿ. ಜಾಸ್ತಿ ಕೇಳಿದರೆ ಟಾರ್ಚ್ ಪಕ್ಕದಿಂದ ಬಿಡಿ, ಗೀರು ಮತ್ತು ಬಣ್ಣ ಒಟ್ಟಿಗೆ ತಿರುಗುತ್ತವಾ ನೋಡಿ. ಅದೇ ಚಿತ್ರದ ಇನ್ನೊಂದು ಪ್ರತಿ ಅಂಗಡಿಯಲ್ಲಿದ್ದರೆ ಎರಡನ್ನೂ ಪಕ್ಕಪಕ್ಕ ಇಡಿಸಿ. ಕೈಯಲ್ಲಿ ಬಿಡಿಸಿದ ಎರಡು ಹೂವು ಪಡಿಯಚ್ಚು ಇರುವುದಿಲ್ಲ. ಬಿಲ್ಲಿನಲ್ಲಿ ‘ಕೈಯಲ್ಲಿ ಬಿಡಿಸಿದ ಆಯಿಲ್ ಪೇಂಟಿಂಗ್’ ಅಂತ ಬರೆಸಿ. ಬರೆಯಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ.

ನನ್ನ ಹೂದೋಟ ಈಗ ಮೆಟ್ಟಿಲ ಹತ್ತಿರ ಇದೆ, ಮೀಟರ್ ಬೋರ್ಡ್ ಮುಚ್ಚಿಕೊಂಡು.