ಓಲಂಡ್‌ನ 'ಊರ ಹಕ್ಕು': ಹೊಸಬರಿಗೆ ಈ ವ್ಯವಸ್ಥೆ ಹೇಗಿದೆ?

ಫಿನ್ಲೆಂಡಿನ ಸ್ವಯಮಾಡಳಿತದ ದ್ವೀಪಸಮೂಹ ಓಲಂಡ್‌ನಲ್ಲಿ ಮನೆ ಬಾಡಿಗೆಗೆ ಹಿಡಿದು ನೆಲೆಸಲು ಅಡ್ಡಿಯಿಲ್ಲ. ಆದರೆ ಪ್ರಾಂತೀಯ ಸಂಸತ್ತಾದ ಲಾಗ್ತಿಂಗ್‌ಗೆ ಮತ ಹಾಕಲು, ಸ್ಪರ್ಧಿಸಲು, ನಿರ್ಬಂಧವಿಲ್ಲದೆ ಜಮೀನು ಕೊಳ್ಳಲು 'ಹೆಮ್‌ಬಿಗ್ಡ್ಸ್‌ರೆಟ್' ಎಂಬ ಊರ ಹಕ್ಕು ಬೇಕು.

ಷರತ್ತುಗಳು ಮೂರೇ, ಸ್ಪಷ್ಟವಾಗಿವೆ: ಫಿನ್ಲೆಂಡಿನ ಪೌರತ್ವ, 5 ವರ್ಷಗಳ ನಿರಂತರ ವಾಸ, ಸಾಕಷ್ಟು ಸ್ವೀಡಿಷ್ ಜ್ಞಾನ. ಅರ್ಜಿ ಮಾರಿಯೆಹಾಮ್‌ನಲ್ಲಿರುವ ಪ್ರಾಂತೀಯ ಸರ್ಕಾರಕ್ಕೆ. ಇಷ್ಟು ಸರಳವಾಗಿರುವುದು ನಿಜಕ್ಕೂ ಮೆಚ್ಚತಕ್ಕದ್ದು.

ವಿದೇಶಿಯರು ಎಡವುವುದು ಪೌರತ್ವದಲ್ಲಿ. ಅದನ್ನು ಕೊಡುವುದು ದ್ವೀಪವಲ್ಲ, ಫಿನ್ಲೆಂಡ್. 2024ರ ಅಕ್ಟೋಬರಿನಿಂದ ಅದಕ್ಕೆ ಸಾಮಾನ್ಯವಾಗಿ 8 ವರ್ಷಗಳ ವಾಸ ಬೇಕು. ಹಾಗಾಗಿ '5 ವರ್ಷ' ಎಂಬ ಮಾತು ನಂಬಿ ಲೆಕ್ಕ ಹಾಕಬೇಡಿ. ಎರಡೂ ಅವಧಿಗಳು ಜೊತೆಜೊತೆಗೇ ಸಾಗುತ್ತವೆ ಎಂಬುದೊಂದು ಸಮಾಧಾನ. ಭಾಷೆಯ ವಿಷಯದಲ್ಲಿ ಮೊದಲ ದಿನದಿಂದಲೇ ಸ್ವೀಡಿಷ್ ಹಿಡಿಯಿರಿ; ಪೌರತ್ವಕ್ಕೂ ಅದು ನಡೆಯುತ್ತದೆ. ಫಿನ್ನಿಷ್ ಮಾತ್ರ ಕಲಿತರೆ ಊರ ಹಕ್ಕು ಸಿಗದು.

ಹಕ್ಕು ಬರುವ ಮುನ್ನವೇ ಜಮೀನು ಬೇಕಿದ್ದರೆ ಪ್ರಾಂತೀಯ ಸರ್ಕಾರದ ಅನುಮತಿ ಕೇಳಬಹುದು, ಸಿಕ್ಕೇ ಸಿಗುತ್ತದೆಂದಲ್ಲ. ತಂದೆ ಅಥವಾ ತಾಯಿಗೆ ಹಕ್ಕಿದ್ದರೆ ಮಗುವಿಗೆ ಹುಟ್ಟಿನಿಂದಲೇ ಬರುತ್ತದೆ. ದ್ವೀಪದ ಹೊರಗೆ 5 ವರ್ಷಕ್ಕಿಂತ ಹೆಚ್ಚು ಕಾಲ ನೆಲೆಸಿದರೆ ಹೋಗಿಬಿಡುತ್ತದೆ. ಇದು ಕಠಿಣವೇ. ಆದರೆ ಸಣ್ಣ ಸ್ವೀಡಿಷ್ ಭಾಷಿಕ ಸಮುದಾಯದ ನೆಲವನ್ನು ಉಳಿಸಲೆಂದೇ ಹುಟ್ಟಿದ ನಿಯಮವಾದ್ದರಿಂದ ಅನ್ಯಾಯವೆನಿಸುವುದಿಲ್ಲ.