ಪ್ರಬಂಧ ಬೈಂಡಿಂಗ್‌ಗೆ ಕೊಡುವ ಮುಂಚೆ: ನುಡಿ ಫಾಂಟಿನ ಫೈಲು ಮಾಡಿದ ಅವಾಂತರ

ಹೊಸನಗರದಲ್ಲಿ ಟೈಪ್ ಮಾಡಿಸಿದ ಫೈಲನ್ನು ಶಿವಮೊಗ್ಗದಲ್ಲಿ ಪ್ರಿಂಟ್ ಹಾಕಿಸುವುದಿದ್ದರೆ ಪಿಡಿಎಫ್ ಮಾಡಿಸಿಕೊಂಡೇ ಬಸ್ ಹತ್ತಿ. ಎಂ.ಎ. ವಿದ್ಯಾರ್ಥಿಯೊಬ್ಬರು ಬರೀ ವರ್ಡ್ ಫೈಲು ತಂದು ಪಟ್ಟ ಪಾಡು ಇದು.

ಅಕ್ಷರಗಳೆಲ್ಲ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನವು. ಪೇಟೆಯ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಫೈಲು ತೆರೆದರೆ ಕನ್ನಡದ ಸುಳಿವೇ ಇಲ್ಲ, ತಲೆಯ ಮೇಲೆ ಗೀಟು, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಹಳೆಯ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸುತ್ತವೆ. ಫಾಂಟ್ ಇಲ್ಲದಿದ್ದರೆ ವೇಷ ಕಳಚಿತು ಅಂತಲೇ.

"ಯೂನಿಕೋಡ್‌ಗೆ ಕನ್ವರ್ಟ್ ಮಾಡಿಬಿಡ್ತೀನಿ ಬಿಡಿ" ಅಂದರು ಅಂಗಡಿಯವರು. ಯೂನಿಕೋಡ್ ಅಂದರೆ ಕನ್ನಡದ ಅಕ್ಷರಕ್ಕೆ ಅದರದೇ ಸಂಕೇತ ಇರುವ ವ್ಯವಸ್ಥೆ. ಯಾವುದು ನುಡಿ, ಯಾವುದು ನಿಜವಾದ ಇಂಗ್ಲಿಷ್ ಅನ್ನುವುದು ಕನ್ವರ್ಟರ್‌ಗೆ ತಿಳಿಯದು. ಅಡಿಟಿಪ್ಪಣಿಯಲ್ಲಿದ್ದ ಇಂಗ್ಲಿಷ್ ಪುಸ್ತಕಗಳ ಹೆಸರೆಲ್ಲ ಅರ್ಥವಿಲ್ಲದ ಕನ್ನಡವಾದವು. 'ತೀರ್ಥಹಳ್ಳಿ'ಯಂಥ ಪದಗಳೂ ಕೆಟ್ಟವು: ಅರ್ಕಾವತ್ತು (ಅಕ್ಷರದ ಪಕ್ಕ ಬರುವ 'ರ್' ಗುರುತು) ಹಳೆಯ ಫಾಂಟಿನಲ್ಲಿ ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಮೊದಲು. ಕನ್ವರ್ಟ್ ಮಾಡಿದ ಮೇಲೆ ಅರ್ಕಾವತ್ತಿನ ಪದಗಳನ್ನು ಒಂದೊಂದಾಗಿ ನೋಡಲೇಬೇಕು.

ಅಷ್ಟಕ್ಕೇ ಮುಗಿಯಲಿಲ್ಲ. ಫಾಂಟ್ ಬದಲಾಗಿ ಅಕ್ಷರ ಅಗಲವಾಯಿತು, ಪುಟ ಹೆಚ್ಚಿದವು. ಹೊಸ ಅಧ್ಯಾಯವನ್ನು ಮುಂದಿನ ಪುಟಕ್ಕೆ ದಾಟಿಸಲು ಎಂಟರ್ ಒತ್ತೊತ್ತಿ ತಳ್ಳಿದ್ದರಿಂದ ಮೂರನೇ ಅಧ್ಯಾಯದ ತಲೆಬರಹ ಪುಟದ ನಡುವೆ ಬಂದು ಕೂತಿತು. ಪರಿವಿಡಿ ಚುಕ್ಕಿ ಹಾಕಿ ಕೈಯಲ್ಲೇ ಟೈಪಿಸಿದ್ದು. ಅದರಲ್ಲಿ ಆ ಅಧ್ಯಾಯದ ಪುಟ 41, ಒಳಗೆ 46. ಕಣ್ಣಿಗೆ ಬಿದ್ದಿದ್ದು ನಾಲ್ಕು ಪ್ರತಿ ಬೈಂಡ್ ಆದ ಮೇಲೆ!

ಹೊಸ ಪುಟಕ್ಕೆ ಕಂಟ್ರೋಲ್ ಹಿಡಿದು ಎಂಟರ್ ಒಂದೇ ಸಲ ಒತ್ತಿ. ಅಧ್ಯಾಯದ ಹೆಸರಿಗೆ ಹೆಡಿಂಗ್ 1, ಒಳಶೀರ್ಷಿಕೆಗೆ ಹೆಡಿಂಗ್ 2 ಕೊಟ್ಟರೆ ರೆಫರೆನ್ಸಸ್ ಮೆನುವಿನಿಂದ ಪರಿವಿಡಿ ತಾನಾಗಿ ಬರುತ್ತದೆ. ತಿದ್ದಿದಾಗಲೆಲ್ಲ ಅದರ ಮೇಲೆ ಕ್ಲಿಕ್ ಮಾಡಿ ಎಫ್9 ಒತ್ತಬೇಕು, ತಾನಾಗಿ ಬದಲಾಗುವುದಿಲ್ಲ. ಅರಿಕೆ, ಪರಿವಿಡಿಗೆ ರೋಮನ್ ಅಂಕಿ ಬೇಕಿದ್ದರೆ ಮೊದಲ ಅಧ್ಯಾಯದ ಮುಂಚೆ ಸೆಕ್ಷನ್ ಬ್ರೇಕ್ ಹಾಕಿ, ಅಡಿಭಾಗದಲ್ಲಿ 'ಲಿಂಕ್ ಟು ಪ್ರೀವಿಯಸ್' ತೆಗೆಯಿರಿ. ಸೆಕ್ಷನ್ ಬ್ರೇಕ್ ಮರೆತರೆ ಎರಡೂ ಕಡೆ ಒಂದೇ ಬಗೆಯ ಅಂಕಿ.

ಎಡ ಅಂಚು ಒಂದೂವರೆ ಇಂಚು ಇರಲಿ, ಇಲ್ಲದಿದ್ದರೆ ಸಾಲಿನ ಮೊದಲಕ್ಷರವನ್ನು ಹೊಲಿಗೆ ನುಂಗುತ್ತದೆ. ಇಲಾಖೆಯ ಸೂಚನೆ ಬೇರೆಯಿದ್ದರೆ ಅದೇ ಅಂತಿಮ.

ನುಡಿಯ ಮೇಲೆ ತಪ್ಪು ಹೊರಿಸಬೇಕಿಲ್ಲ. ಅದೇ ಕೀಲಿಮಣೆಯಲ್ಲಿ ಯೂನಿಕೋಡ್ ಆಯ್ಕೆಯೂ ಇದೆ, ಟೈಪಿಸುವವರಿಗೆ ಮೊದಲ ದಿನವೇ ಹೇಳಿ. ಯೂನಿಕೋಡ್‌ನಲ್ಲಿದ್ದರೆ ಗ್ರಂಥಋಣವನ್ನು ಅಕಾರಾದಿಯಲ್ಲಿ ಸಾರ್ಟ್ ಮಾಡಬಹುದು. ಹಳೆಯ ಫಾಂಟಿನಲ್ಲಿ ಸಾರ್ಟ್ ಕೊಟ್ಟರೆ ಇಂಗ್ಲಿಷ್ ಕ್ರಮಕ್ಕೆ ಕೂರುತ್ತದೆ. ವಿಂಡೋಸ್ 10ರಲ್ಲಿ ನಿರ್ಮಲಾ ಯುಐ ಅನ್ನುವ ಯೂನಿಕೋಡ್ ಫಾಂಟ್ ಮೊದಲೇ ಇರುತ್ತದೆ. ನಮ್ಮ ಹೊಳೆಯ ಹೆಸರಿನ ತುಂಗಾ ಫಾಂಟನ್ನು ಮಾತ್ರ ಬೇರೆಯಾಗಿ ಹಾಕಿಕೊಳ್ಳಬೇಕು.

ಪಿಡಿಎಫ್ ಆದ ಮೇಲೆ ಮೊಬೈಲಿನಲ್ಲಿ ತೆರೆದು ಪರಿವಿಡಿಯ ಒಂದೊಂದು ಅಂಕಿಯನ್ನೂ ಒಳಪುಟದೊಂದಿಗೆ ತಾಳೆ ನೋಡಿ. ಮೊದಲು ಒಂದೇ ಪ್ರತಿ ಪ್ರಿಂಟ್ ಹಾಕಿಸಿ, ಮಾರ್ಗದರ್ಶಕರು ಹೂಂ ಅಂದ ಮೇಲೆ ಉಳಿದ ಮೂರು.