ಒಂದು ಬ್ಯಾಡ್ಜ್, ಎರಡು ಮುಖ: ಹಳೇ ಚುನಾವಣಾ ಬ್ಯಾಡ್ಜ್ ಪೆಟ್ಟಿಗೆ ಕೊಂಡ ಅನುಭವ

ಹೋದ ತಿಂಗಳು ಇಲ್ಲಿ ಅಮೆರಿಕದ ಅಯೋವಾ ರಾಜ್ಯದ ಡೆ ಮೊಯ್ನ್‌ನ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಐದು ಚುನಾವಣಾ ಬ್ಯಾಡ್ಜ್‌ಗಳ ಪೆಟ್ಟಿಗೆ ಕೊಂಡೆ. 42 ಡಾಲರ್. ಮೇಲೆ ಗಾಜು, ಒಳಗೆ ಕಪ್ಪು ಮಖಮಲ್ಲು. ಪ್ರತಿ ಬ್ಯಾಡ್ಜಿನಲ್ಲೂ ಎರಡು ಮುಖ, ಅಧ್ಯಕ್ಷ ಸ್ಥಾನಕ್ಕೆ ನಿಂತವರದ್ದು ಒಂದು, ಉಪಾಧ್ಯಕ್ಷ ಸ್ಥಾನಕ್ಕೆ ನಿಂತವರದ್ದು ಇನ್ನೊಂದು. ಸಂಗ್ರಹ ಮಾಡುವವರು ಇದಕ್ಕೆ ಜುಗೇಟ್ ಅಂತಾರೆ. ಲ್ಯಾಟಿನ್ನಿನಲ್ಲಿ ನೊಗಕ್ಕೆ ಕಟ್ಟಿದ್ದು ಅಂತ ಅರ್ಥ. ನೊಗ ಅಂದ ಕೂಡಲೇ ನನಗೆ ಸಾಗರದ ಹತ್ತಿರದ ಅಜ್ಜನ ಮನೆ ಕೊಟ್ಟಿಗೆ ನೆನಪಾಯಿತು. ಜೋಡಿ ಹೊಂದದಿದ್ದರೆ ಅಜ್ಜ ಹೇಳುತ್ತಿದ್ದುದು ಒಂದೇ ಮಾತು: ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು.

ನಾನು ಪೆಟ್ಟಿಗೆ ಕೊಂಡಿದ್ದೇ ಆ ಜೋಡಿಗಳಿಗಾಗಿ. ಕೆನಡಿ-ಜಾನ್ಸನ್, ರೇಗನ್-ಬುಷ್, ಕೆರಿ-ಎಡ್ವರ್ಡ್ಸ್, ಒಬಾಮ-ಕ್ಲಿಂಟನ್, ಬೈಡನ್-ಹ್ಯಾರಿಸ್. ಎಲ್ಲರೂ ಒಂದೇ ಪಕ್ಷದೊಳಗೆ ಒಬ್ಬರಿಗೊಬ್ಬರು ಎದುರಾಳಿಯಾಗಿದ್ದವರು.

ಮೊದಲು ಮಾಲಿನ ಬಗ್ಗೆ ಹೇಳ್ತೀನಿ. ತಗಡಿನ ಬಿಲ್ಲೆ, ಅದರ ಮೇಲೆ ಅಚ್ಚು ಹಾಕಿದ ಕಾಗದ, ಅದರ ಮೇಲೆ ಪಾರದರ್ಶಕ ಹಾಳೆ, ಹಿಂದೆ ಪಿನ್ನು. 1896ರ ಚುನಾವಣೆಯಿಂದ ಇದೇ ರೀತಿ ಮಾಡಿಕೊಂಡು ಬಂದಿದ್ದಾರೆ. ರೇಗನ್-ಬುಷ್ ಬ್ಯಾಡ್ಜ್ ಈಗಲೂ ಹೊಸದರ ಹಾಗಿದೆ, ಬಣ್ಣ ಸ್ವಲ್ಪವೂ ಮಾಸಿಲ್ಲ. ಕೆರಿ-ಎಡ್ವರ್ಡ್ಸ್ ಅಂಚಿಗೆ ತುಕ್ಕಿನ ಚುಕ್ಕೆ ಬಂದಿದೆ. ಕೆನಡಿ-ಜಾನ್ಸನ್ ಬ್ಯಾಡ್ಜನ್ನು 1960ರ ಅಸಲಿ ಅಂತ ಹೇಳಿ ಕೊಟ್ಟಿದ್ದರು. ಮನೆಗೆ ಬಂದು ಭೂತಗನ್ನಡಿಯಲ್ಲಿ ನೋಡಿದರೆ ಅಂಚಿನಲ್ಲಿ ಸಣ್ಣಕ್ಷರದಲ್ಲಿ 1984 ಅಂತಿತ್ತು. ನಕಲು ಚುನಾವಣಾ ಸಾಮಾನಿನ ಮೇಲೆ ತಯಾರಾದ ಇಸವಿ ಹಾಕಲೇಬೇಕು ಅಂತ ಅಮೆರಿಕದಲ್ಲಿ 1973ರಲ್ಲೇ ಕಾನೂನು ಬಂದಿದೆ. ಮರುದಿನ ತೋರಿಸಿದಾಗ ಅಂಗಡಿಯವರು ತಕರಾರು ಮಾಡದೆ 12 ಡಾಲರ್ ವಾಪಸ್ ಕೊಟ್ಟರು. ಆದರೂ ಮಾರುವ ಮುಂಚೆ ಅವರೇ ನೋಡಬೇಕಿತ್ತು.

ನಕಲಾದರೂ ಆ ಜೋಡಿಯ ಕಥೆ ದೊಡ್ಡದು. ಲಾಸ್ ಏಂಜಲಿಸ್‌ನ ಡೆಮಾಕ್ರಟಿಕ್ ಪಕ್ಷದ ಅಧಿವೇಶನದಲ್ಲಿ, ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸುವಾಗ, ಕೆನಡಿಗೆ 806 ಮತ, ಜಾನ್ಸನ್‌ಗೆ 409. ಕೆನಡಿಯ ತಮ್ಮ ರಾಬರ್ಟ್‌ಗೆ ಜಾನ್ಸನ್ ಕಂಡರೆ ಆಗುತ್ತಿರಲಿಲ್ಲ. ಆದರೂ ಜೋಡಿ ಕಟ್ಟಿದರು, ಜಾನ್ಸನ್‌ನ ಟೆಕ್ಸಾಸ್ ಸುಮಾರು 46,000 ಮತಗಳ ಅಂತರದಲ್ಲಿ ಕೈಗೆ ಬಂತು. 2004ರಲ್ಲಿ ಕೆರಿ ಇದೇ ಲೆಕ್ಕ ಹಾಕಿದರೂ ಅದು ಫಲಿಸಲಿಲ್ಲ. ಎಡ್ವರ್ಡ್ಸ್ ಅವರ ನಾರ್ತ್ ಕ್ಯಾರೊಲಿನಾ ಕೂಡ ಸಿಗಲಿಲ್ಲ. ಹಾಗಾಗಿ ಮತಕ್ಕೋಸ್ಕರ ಎದುರಾಳಿಯನ್ನು ಸೇರಿಸಿಕೊಳ್ಳಬೇಕು ಅನ್ನೋ ವಾದ ನನಗೆ ಒಪ್ಪಿಗೆಯಾಗಲ್ಲ. ನನ್ನ ಕಾರಣ ಬೇರೆ. 1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಕೆನಡಿ ಗುಂಡಿಗೆ ಬಲಿಯಾದ ಕೆಲವೇ ಗಂಟೆಯಲ್ಲಿ ಜಾನ್ಸನ್ ವಿಮಾನದೊಳಗೆ ನಿಂತು ಪ್ರಮಾಣ ವಚನ ತಗೊಂಡರು. ಎರಡನೇ ಕುರ್ಚಿಯವರು ಯಾವ ಕ್ಷಣದಲ್ಲಾದರೂ ಮೊದಲನೇ ಕುರ್ಚಿಗೆ ಬರಬೇಕಾಗುತ್ತೆ. ಹಾಗಿದ್ದ ಮೇಲೆ ಅವರು ಆ ಕೆಲಸವನ್ನೇ ಕೇಳಿಕೊಂಡು ಜನರ ಮುಂದೆ ನಿಂತವರಾಗಿದ್ದರೆ ಒಳ್ಳೆಯದಲ್ವಾ? ಪ್ರೈಮರಿಯಲ್ಲಿ, ಅಂದರೆ ಪಕ್ಷದೊಳಗಿನ ಚುನಾವಣೆಯಲ್ಲಿ, ಸೋತವರನ್ನೂ ಜನ ನೋಡಿರುತ್ತಾರೆ, ಕೇಳಿರುತ್ತಾರೆ.

ಈ ಐದರಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ರೇಗನ್-ಬುಷ್. ನಾನು ಅವರ ರಿಪಬ್ಲಿಕನ್ ಪಕ್ಷದವಳಲ್ಲ. 1980ರಲ್ಲಿ ನಮ್ಮ ಅಯೋವಾದಲ್ಲಿ ಪಕ್ಷದೊಳಗಿನ ಸ್ಪರ್ಧೆಯಲ್ಲಿ ಗೆದ್ದವರು ಹಿರಿಯ ಬುಷ್. ರೇಗನ್ನರ ಆರ್ಥಿಕ ಯೋಜನೆಯನ್ನು ಅವರು ವೂಡೂ ಎಕನಾಮಿಕ್ಸ್, ಅಂದರೆ ಮಾಟಮಂತ್ರದ ಅರ್ಥಶಾಸ್ತ್ರ ಅಂತ ಜರೆದಿದ್ದರು. ಡೆಟ್ರಾಯಿಟ್ ಅಧಿವೇಶನದಲ್ಲಿ ರೇಗನ್ ಉಪಾಧ್ಯಕ್ಷ ಸ್ಥಾನಕ್ಕಾಗಿ ಮೊದಲು ಮಾತಾಡಿದ್ದು ಮಾಜಿ ಅಧ್ಯಕ್ಷ ಫೋರ್ಡ್ ಜೊತೆ. ಅದು ಮುರಿದ ಮೇಲೆ ರಾತ್ರಿ ಬುಷ್‌ಗೆ ಫೋನ್ ಹೋಯಿತು. 1981ರ ಮಾರ್ಚ್ 30ರಂದು ರೇಗನ್‌ಗೆ ಗುಂಡು ತಗುಲಿದಾಗ ಬುಷ್ ಟೆಕ್ಸಾಸ್‌ನಲ್ಲಿದ್ದರು. ವಾಷಿಂಗ್ಟನ್ನಿಗೆ ಓಡಿ ಬಂದರು. ಹೆಲಿಕಾಪ್ಟರನ್ನು ನೇರವಾಗಿ ಶ್ವೇತಭವನದ ಅಂಗಳದಲ್ಲೇ ಇಳಿಸೋಣ ಅಂತ ಜೊತೆಯವರು ಹೇಳಿದರೆ ಅವರು ಒಪ್ಪಲಿಲ್ಲ. ಅಲ್ಲಿ ಇಳಿಯುವುದು ಅಧ್ಯಕ್ಷರೊಬ್ಬರೇ ಅಂದರು. ತಮ್ಮ ಮನೆ ಹತ್ತಿರ ಇಳಿದು ಕಾರಿನಲ್ಲಿ ಹೋದರು. ಆ ಕುರ್ಚಿಗೆ ಆಸೆಪಟ್ಟು ಸೋತ ಮನುಷ್ಯ, ಅದು ಖಾಲಿಯಾಗಬಹುದು ಅನ್ನಿಸಿದ ದಿನ ಹೀಗೆ ನಡೆದುಕೊಂಡರು. ಆ ಬ್ಯಾಡ್ಜ್ ನೋಡಿದಾಗೆಲ್ಲ ನನಗೆ ಇದೇ ನೆನಪಾಗುತ್ತೆ.

ಒಬಾಮ-ಕ್ಲಿಂಟನ್ ಬ್ಯಾಡ್ಜ್ ಮಾತ್ರ ಆಗದೇ ಹೋದ ಜೋಡಿಯದ್ದು. 2008ರಲ್ಲಿ ಆಸೆಯಿಂದ ಮಾಡಿ ಮಾರಿದ್ದು. ಆ ವರ್ಷ ಜನವರಿ 3ರ ರಾತ್ರಿ ನಮ್ಮ ಬಡಾವಣೆಯ ಶಾಲೆಯಲ್ಲಿ ನಡೆದ ಡೆಮಾಕ್ರಟಿಕ್ ಕಾಕಸ್‌ಗೆ (ಪಕ್ಷದ ಅಭ್ಯರ್ಥಿಯನ್ನು ಆರಿಸಲು ಊರಿನವರು ಸೇರುವ ಸಭೆ) ನಾನು ಹೋಗಿದ್ದೆ. ಆಗ ನನಗಿನ್ನೂ ಪೌರತ್ವ ಇರಲಿಲ್ಲ, ಗೋಡೆ ಬದಿ ನಿಂತು ನೋಡಿದೆ ಅಷ್ಟೆ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಮೂಲೆ. ಬೈಡನ್ ಮೂಲೆಯಲ್ಲಿ ಏಳೇ ಜನ. ಶೇಕಡಾ 15 ಇಲ್ಲದಿದ್ದರೆ ಆಗ ಆ ಗುಂಪು ನಿಲ್ಲುತ್ತಿರಲಿಲ್ಲ, ಅವರು ಬೇರೆ ಮೂಲೆಗೆ ಹೋಗಬೇಕಿತ್ತು. ನಾಲ್ವರು ಒಬಾಮ ಕಡೆ ನಡೆದರು, ಒಬ್ಬ ಅಜ್ಜಿ ಕೋಟು ಹಾಕಿಕೊಂಡು ಮನೆಗೇ ಹೋದರು. ಬೈಡನ್ ಅದೇ ರಾತ್ರಿ ಕಣದಿಂದ ಹಿಂದೆ ಸರಿದರು. ಆಗಸ್ಟ್‌ನಲ್ಲಿ ಒಬಾಮ ಆರಿಸಿಕೊಂಡದ್ದು ಅವರನ್ನೇ!

ಆಗ ನನಗೆ ಬೇಜಾರಾಗಿತ್ತು. ಹಿಲರಿ ಕ್ಲಿಂಟನ್ ಅವರಿಗೆ ಪ್ರೈಮರಿಗಳಲ್ಲಿ ಸುಮಾರು 1 ಕೋಟಿ 80 ಲಕ್ಷ ಮತ ಬಂದಿತ್ತು. ಅಷ್ಟು ಜನರನ್ನು ಸುಮ್ನೆ ಬಿಟ್ಟುಬಿಡೋದಾ ಅನ್ನಿಸಿತ್ತು. ಈಗ ಒಬಾಮ ಮಾಡಿದ್ದೇ ಸರಿ ಅನ್ನಿಸುತ್ತೆ. ಸಮಬಲದ ಎದುರಾಳಿಯನ್ನು ಎರಡನೇ ಕುರ್ಚಿಯಲ್ಲಿ ಕೂರಿಸಿದರೆ ಇಬ್ಬರಿಗೂ ಕಷ್ಟ. ಸೆನೆಟ್ಟನ್ನೇ ನಡೆಸುತ್ತಿದ್ದ ಜಾನ್ಸನ್ ಉಪಾಧ್ಯಕ್ಷರಾಗಿ ಸುಮಾರು ಮೂರು ವರ್ಷ ಕೆಲಸವಿಲ್ಲದೆ ಕೊರಗಿದರು. ಹಿಲರಿಗೆ ಸಿಕ್ಕಿದ್ದು ವಿದೇಶಾಂಗ ಖಾತೆ, ಅವರದ್ದೇ ಆದ ಕೆಲಸ. ಎದುರಾಳಿಗಳು ಜೋಡಿಯಾಗಲಿ, ಅದು ನನಗೆ ಬೇಕು. ಆದರೆ ಕೂದಲೆಳೆಯಲ್ಲಿ ಸೋತವರಿಗಿಂತ, ಸೋಲನ್ನು ಮನಸ್ಸಿನಿಂದ ಒಪ್ಪಿಕೊಂಡವರು ಆ ಜಾಗಕ್ಕೆ ಬರಲಿ.

ಬೈಡನ್-ಹ್ಯಾರಿಸ್ ಬ್ಯಾಡ್ಜ್ ನೋಡಿ ಮಗಳು ಕೇಳಿದಳು: "ಅಮ್ಮಾ, ಮಯಾಮಿ ಚರ್ಚೆಯಲ್ಲಿ ಅವರು ಇವರನ್ನ ಅಷ್ಟು ತರಾಟೆಗೆ ತಗೊಂಡಿದ್ರಲ್ಲ, ಆಮೇಲೆ ಹೇಗೆ ಒಟ್ಟಿಗೆ ನಿಂತ್ರು?" ಕರಿಯ-ಬಿಳಿಯ ಮಕ್ಕಳು ಒಟ್ಟಿಗೆ ಕಲಿಯಲೆಂದು ಓಡಿಸುತ್ತಿದ್ದ ಶಾಲಾ ಬಸ್ಸಿನ ವಿಷಯಕ್ಕೆ ಹ್ಯಾರಿಸ್ ಅವರು ಬೈಡನ್ ಮುಖಕ್ಕೇ ಹೇಳಿದ್ದು ನಿಜ. ಎದುರಿಗೇ ಹೇಳಬಲ್ಲವರು ಪಕ್ಕದಲ್ಲಿರೋದು ಒಳ್ಳೆಯದು ಅಂದೆ. ಅವಳು ಪೂರ್ತಿ ಒಪ್ಪಲಿಲ್ಲ.

30 ಡಾಲರಿಗೆ ಪೆಟ್ಟಿಗೆ ಖಂಡಿತ ಯೋಗ್ಯ. ಕೊಳ್ಳುವವರು ಅಂಚನ್ನು ಭೂತಗನ್ನಡಿಯಲ್ಲಿ ನೋಡಿ, ತೇವ ಇರುವ ಕಡೆ ಇಡಬೇಡಿ. ಇದರಲ್ಲಿ ಒಬಾಮ-ಬೈಡನ್ ಇಲ್ಲದ್ದು ದೊಡ್ಡ ಕೊರತೆ. ನನ್ನ ಹತ್ತಿರ ಆ ವರ್ಷದ್ದೊಂದು ಇತ್ತು, ಕೆಳಗಿನ ಸಾಲಿನಲ್ಲಿ ಒಬಾಮ-ಕ್ಲಿಂಟನ್ ಪಕ್ಕದಲ್ಲೇ ಚುಚ್ಚಿದ್ದೇನೆ.